ನಪಾಸಾದ ಮೊಮ್ಮಗಳು

ನಮ್ಮ ಅವ್ವನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಸಾವಳಗಿಯಿಂದ ಊರು ಎಷ್ಟು ದೂರವೋ ದನಿಯೂ ಅಷ್ಟು ಏರಬೇಕೆಂಬುದು ಅವಳ ಲೆಕ್ಕ. ಜಮಖಂಡಿಗೆ ಮಾತಾಡಿದರೆ ಪಡಸಾಲೆಗೆ ಕೇಳುತ್ತದೆ, ಅಮೆರಿಕಕ್ಕೆ ಮಾತಾಡಿದರೆ ಓಣಿಗೆಲ್ಲ. ಹೀಗಾಗಿ ನನ್ನ ತಂಗಿಯ ಮಗಳನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದ ಸುದ್ದಿ ಮನೆಯವರಿಗೂ ಎದುರುಮನೆಯವರಿಗೂ ಒಟ್ಟಿಗೇ ತಿಳಿಯಿತು.

"ಕೂಸು ನಪಾಸ್ ಆತೇನಬೇ?"

"ಇಲ್ಲ ಯವ್ವಾ. ಅಲ್ಲಿ ನಾಕು ಅಂದ್ರ ಇಲ್ಲಿ ಮೂರು."

"ಹಂಗಾರ ನಾಕ್ ರೊಟ್ಟಿ ತಿಂದ್ರೂ ಅಲ್ಲಿ ಮೂರs ಅಂತಾರೇನು?"

ಆಗಿದ್ದಿಷ್ಟೆ. ಅಳಿಯಂದಿರ ಕಂಪನಿ ಅವರನ್ನು ಜನವರಿಯಲ್ಲಿ ಮ್ಯಾಂಚೆಸ್ಟರಿನಿಂದ ಡಲ್ಲಾಸಿಗೆ ಕಳಿಸಿತು. ಇಂಗ್ಲೆಂಡಿನಲ್ಲಿ ಮಗು ನಾಲ್ಕು ತುಂಬಿದ ಮೇಲಿನ ಸೆಪ್ಟೆಂಬರಿನಲ್ಲಿ 'ರಿಸೆಪ್ಶನ್' ಎಂಬ ತರಗತಿಗೆ ಹೋಗುತ್ತದೆ. ನಮ್ಮ ಕಡೆ ರಿಸೆಪ್ಶನ್ ಎಂದರೆ ಮದುವೆಯ ಸಂಜೆ ಕುರ್ಚಿಯಲ್ಲಿ ಕೂರುವುದು, ಅಲ್ಲಿ ಅಕ್ಷರಾಭ್ಯಾಸ. ಐದು ತುಂಬಿದವರು 'ಇಯರ್ 1'. ಟೆಕ್ಸಾಸಿನಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್, ಆರು ತುಂಬಿದ್ದರೆ ಒಂದನೆಯ ಗ್ರೇಡು. ಅಂದಮೇಲೆ ಇಂಗ್ಲೆಂಡಿನ ಸಂಖ್ಯೆಯಲ್ಲಿ ಒಂದು ಕಳೆದರೆ ಅಮೆರಿಕದ್ದು. ಇಂಗ್ಲೆಂಡಿನಲ್ಲಿ 13ಕ್ಕೆ ಶಾಲೆ ಮುಗಿದರೆ ಅಮೆರಿಕದಲ್ಲಿ 12ಕ್ಕೆ. ಇದನ್ನು ಅವ್ವನಿಗೆ ಹುಣಸೆಬೀಜ ಇಟ್ಟು ತೋರಿಸಿದೆ. ಅವಳು ಬೀಜ ಎಣಿಸಿ ಡಬ್ಬಿಗೆ ಹಾಕಿ, "ಒಟ್ನ್ಯಾಗ ಒಂದು ಹೋತು ಹೌದಿಲ್ಲೋ" ಎಂದಳು.

ನನ್ನ ಸೊಸಿ, ಅಂದರೆ ಆ ತಂಗಿಯ ಮಗಳು, ಅತ್ತಿದ್ದಳಂತೆ. ಇಂಥ ಅಳುವಿಗೆ ಮಾವನಾದವನು ಏನಾದರೂ ಹೇಳಬೇಕಲ್ಲ, ನನ್ನ ಹುಟ್ಟಿದಬ್ಬದ ಕಥೆ ಹೇಳಿದೆ. ದಾಖಲೆಯಲ್ಲಿ ನಾನು ಹುಟ್ಟಿದ್ದು ಜೂನ್ 1. ನನ್ನ ಅಣ್ಣನದೂ ಜೂನ್ 1. ನಮ್ಮ ಸಾಲಿಯ ಅರ್ಧ ಹುಡುಗರು ಆವತ್ತೇ ಹುಟ್ಟಿದವರು. ಆ ದಿನ ಊರ ಸೂಲಗಿತ್ತಿ ಹೇಗೆ ನಿಭಾಯಿಸಿದಳೋ ದೇವರೇ ಬಲ್ಲ. ಹೆಸರು ಹಚ್ಚುವಾಗ ಮಾಸ್ತರರು ಜನನದ ಕಾಗದ ಕೇಳುತ್ತಿರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿತೋ, ಒಂದನೇತ್ತಾ. ಇಲ್ಲವೋ, ಮುಂದಿನ ವರ್ಷ ಬಾ. ನನ್ನ ಬೆರಳು ಕಿವಿಯ ಅಂಚಿಗೆ ತಾಗಿಯೂ ತಾಗದಂತಿತ್ತು. ನಾನು ಮೆಲ್ಲಗೆ ಕತ್ತು ವಾಲಿಸಿದೆ. ಮಾಸ್ತರರು ಕಂಡೂ ಕಾಣದಂತೆ ಬರೆದುಕೊಂಡರು. ಅವ್ವನ ಪಂಚಾಂಗವೇ ಬೇರೆ: "ಎಳ್ಳಮಾಸಿ ದಿನ ಚರಗ ಚೆಲ್ಲಿ ಬಂದ ರಾತ್ರಿ ಹುಟ್ಟೀದಿ." ಎಳ್ಳಮಾವಾಸ್ಯೆ ಜೂನಿನಲ್ಲಿ ಬರಲು ಸಾಧ್ಯವೇ ಇಲ್ಲ.

ಕೇಳಿ ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು, "ಮಾಮಾ, ನಮ್ಮ ಕಿಂಗ್‌ಗೂ ಹಂಗs ಎರಡು ಬರ್ತ್‌ಡೇ." ನಿಜ. ಮೂರನೆಯ ಚಾರ್ಲ್ಸ್ ಹುಟ್ಟಿದ್ದು ನವೆಂಬರ್ 14ಕ್ಕೆ, ಸರಕಾರಿ ಹುಟ್ಟಿದಬ್ಬ ಜೂನಿನಲ್ಲಿ. ಅವರ ಹೆಡ್‌ಮಾಸ್ತರರೂ ನಮ್ಮ ಕಡೆಯವರೇ ಇರಬೇಕು.

ಇಯತ್ತೆಯ ಗೊಂದಲಕ್ಕೆ ವಿಮಾನ ಹತ್ತಬೇಕಿಲ್ಲ. ನಮ್ಮ ಅಜ್ಜ ಕಲಿತದ್ದು ಜಮಖಂಡಿ ಸಂಸ್ಥಾನದ ಕಾಲದಲ್ಲಿ. ಆಗ ಮುಂಬಯಿ ಇಲಾಖೆಯ ಪದ್ಧತಿ. ಕನ್ನಡ ಇಲ್ಲವೆ ಮರಾಠಿ ನಾಲ್ಕು ಮುಗಿಸಿ ಇಂಗ್ಲಿಷ್ ಸಾಲಿಗೆ ಹೋದರೆ ಎಣಿಕೆ ಮತ್ತೆ ಒಂದರಿಂದ. ಇಂಗ್ಲಿಷ್ ಏಳು ಎಂದರೆ ಮ್ಯಾಟ್ರಿಕ್. ತತ್ವಜ್ಞಾನಿ ಗುರುದೇವ ರಾನಡೆಯವರು ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ 1902ರಲ್ಲಿ ಪಾಸಾದದ್ದು ಅದನ್ನೇ. ಕನ್ನಡದಲ್ಲೇ ಏಳರ ತನಕ ಹೋದವರಿಗೆ ಮುಲ್ಕಿ ಪರೀಕ್ಷೆ. ನಮ್ಮಜ್ಜ 'ಇಂಗ್ಲಿಷ್ ಎರಡು' ಕಲಿತವನು. ಕೂಡಿಸಿದರೆ ಆರೇ ಆಯಿತು, ಆದರೂ ಮುಲ್ಕಿ ಪಾಸಾದ ತಮ್ಮನನ್ನು ಕೊನೆಯ ತನಕ ತನಗಿಂತ ಕಡಿಮೆ ಕಲಿತವನೆಂದೇ ನಡೆಸಿಕೊಂಡ. ಸಂಸ್ಥಾನ 1948ರಲ್ಲಿ ಮುಂಬಯಿಗೆ ಸೇರಿತು, 1956ರಲ್ಲಿ ನಾವು ಮೈಸೂರಿನವರಾದೆವು. ಮನೆಯ ಕದ ಹಾಕದೆ ಎರಡು ಸಲ ವಲಸೆ!

ಈಗಲೂ ಗಡಿಯಾಚೆ ಜತ್ತದಿಂದ ಬಂದ ಬೀಗರು "ಐದನೇತ್ತಾಕ್ಕs ಹೈಸ್ಕೂಲಿಗೆ ಹೋದೆ" ಎಂದರೆ ನಮ್ಮವರು ಬಾಯಿ ಬಿಡುತ್ತಾರೆ. ಮಹಾರಾಷ್ಟ್ರದಲ್ಲಿ ಎಷ್ಟೋ ಹೈಸ್ಕೂಲುಗಳು ಐದರಿಂದಲೇ ಶುರು, ನಮ್ಮಲ್ಲಿ ಎಂಟರಿಂದ. ಅವರ ಹನ್ನೊಂದು ನಮಗೆ ಪೀಯೂಸಿ ಮೊದಲ ವರ್ಷ. ಪೀಯೂಸಿ ಎಂಬ ಮಾತನ್ನು ಅಮೆರಿಕದ ಶಾಲೆಯ ಗುಮಾಸ್ತೆಗೆ ತಿಳಿಸಿಕೊಡುವುದು ನನ್ನ ಕೈಲಾಗದ ಕೆಲಸ. ನಮ್ಮ ರಾಜ್ಯದಲ್ಲೇ ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂದು ಹೇಳಿ, 2025ರಲ್ಲಿ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾದರೂ ಸಾಕೆಂದು ಸಡಿಲಿಸಿದರು. ಕಿವಿ ಮುಟ್ಟಿಸುವುದೇ ಸಲೀಸಿತ್ತು. ಮಗು ತಾನೇ ಪುರಾವೆ ಹೊತ್ತು ಬರುತ್ತಿತ್ತು.

ಆಗಸ್ಟಿನಲ್ಲಿ ಸೊಸಿ ಮತ್ತೆ ನಾಲ್ಕಕ್ಕೆ ಹೋದಳು. ಅವ್ವ ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಹಂಚಿದಳು. ಎದುರುಮನೆಯ ಕಾಕು ಕೇಳಿದಳು, "ಎಷ್ಟನೇತ್ತಾ ಪಾಸಾದ್ಳಬೇ?"

"ಮೂರು," ಎಂದಳು ಅವ್ವ, "ಎರಡು ಸಲ."