ಎರಡು ಮೆಷಿನ್, ಒಂದು ಸಂಸಾರ

ರಿಟೈರ್ ಆದ ಗಂಡಸು ಮೊದಲ ವಾರ ನಿದ್ದೆ ಮಾಡುತ್ತಾನೆ, ಎರಡನೇ ವಾರ ಅಡುಗೆಮನೆಗೆ ನುಗ್ಗುತ್ತಾನೆ. ಈ ಮಾತು ತಿಪಟೂರಿಗೂ ಸೈ, ಇಂಗ್ಲೆಂಡಿನ ಇಪ್ಸ್‌ವಿಚ್ಚಿಗೂ ಸೈ. ಅಲ್ಲಿರುವ ನಮ್ಮ ಭಾವ ಅಕ್ಕನ ಮಸಾಲೆ ಡಬ್ಬಿಗಳನ್ನೆಲ್ಲ ಎಕ್ಸ್‌ಪೈರಿ ಡೇಟ್ ಪ್ರಕಾರ ಜೋಡಿಸಿ, ಅವಧಿ ಮುಗಿದ ಇಂಗನ್ನು ಕಸಕ್ಕೆ ಹಾಕಿದ ದಿನ ಅಕ್ಕ ನನಗೆ ಫೋನ್ ಮಾಡಿದಳು. "ಇವರಿಗೆ ಮನೆಯಿಂದ ಆಚೆ ಮಾಡೋ ಅಂಥ ಒಂದು ಹುಚ್ಚು ಹಿಡಿಸೋ, ನಿನಗೆ ಪುಣ್ಯ ಬರುತ್ತೆ."

ಹುಚ್ಚು ಆಗಲೇ ಹಿಡಿದಾಗಿತ್ತು. ಬಿಬಿಸಿಯಲ್ಲಿ 2014ರಲ್ಲಿ ಶುರುವಾದ 'ಡಿಟೆಕ್ಟರಿಸ್ಟ್ಸ್' ಎಂಬ ಹಾಸ್ಯ ಧಾರಾವಾಹಿಯನ್ನು ಭಾವ ಮೊದಲಿಂದ ಕೊನೆಯವರೆಗೆ ನೋಡಿ ಮುಗಿಸಿದ್ದರು. ಇಬ್ಬರು ಗಂಡಸರು ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುತ್ತಾರೆ, ಡಬ್ಬಿಯ ಮುಚ್ಚಳ ಸಿಗುತ್ತದೆ, ಟೀ ಕುಡಿಯುತ್ತಾರೆ. ಅದನ್ನು ಚಿತ್ರೀಕರಿಸಿದ್ದು ಭಾವನವರ ಜಿಲ್ಲೆ ಸಫಕ್‌ನಲ್ಲೇ. "ನೋಡು, ನಮ್ಮ ಹೊಲ!" ಎಂದು ಟಿವಿಗೆ ಬೆರಳು ತೋರಿಸುತ್ತಿದ್ದರಂತೆ. ಹೊಲ ಯಾರದೋ.

ಅಕ್ಕನಿಗೆ ಹುಚ್ಚು ಹಿಡಿದ ಕಾರಣ ಬೇರೆ. ಅದೇ ಸಫಕ್‌ನ ಹಾಕ್ಸನ್ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ಒಬ್ಬ ರೈತನ ಸುತ್ತಿಗೆ ಕಳೆದುಹೋಯಿತು. ಹುಡುಕಿಕೊಡಲು ಬಂದವರು ಎರಿಕ್ ಲಾಸ್ ಎಂಬ ಗೆಳೆಯ. ಕೈಯಲ್ಲಿದ್ದದ್ದು ನಿವೃತ್ತಿಗೆ ಉಡುಗೊರೆಯಾಗಿ ಬಂದ ಡಿಟೆಕ್ಟರ್. ಸುತ್ತಿಗೆಯ ಬದಲು ರೋಮನ್ ಕಾಲದ ನಿಧಿ ಸಿಕ್ಕಿತು. ಸುಮಾರು 15,000 ನಾಣ್ಯ, ಬೆಳ್ಳಿ ಚಮಚಗಳು, ಚಿನ್ನದ ಒಡವೆ. ಆತ ಎಲ್ಲವನ್ನೂ ತೋಡಿ ತೆಗೆಯದೆ ಸುದ್ದಿ ಮುಟ್ಟಿಸಿದ್ದರಿಂದ ಪುರಾತತ್ವದವರು ಬಂದು ಪದ್ಧತಿ ಪ್ರಕಾರ ಅಗೆದರು. ಬಹುಮಾನ 17.5 ಲಕ್ಷ ಪೌಂಡ್; ಅದನ್ನು ರೈತನ ಜೊತೆ ಹಂಚಿಕೊಂಡರು. ಸುತ್ತಿಗೆಯೂ ಆಮೇಲೆ ಸಿಕ್ಕಿ, ಈಗ ಬ್ರಿಟಿಷ್ ಮ್ಯೂಸಿಯಂ ಸೇರಿದೆ. ಭಾವ ಇದನ್ನೆಲ್ಲ ನ್ಯಾಯ, ನಿಷ್ಠೆಯ ಕಥೆಯಾಗಿ ಹೇಳುತ್ತಿದ್ದರೆ ಅಕ್ಕನ ಕಣ್ಣು ಮ್ಯೂಸಿಯಂ ಫೋಟೋದಲ್ಲಿದ್ದ 19 ಚಿನ್ನದ ಬಳೆಗಳ ಮೇಲಿತ್ತು. ಒಂದು ಬಳೆಯಲ್ಲಿ ಜೂಲಿಯಾನ ಎಂಬ ಹೆಂಗಸಿನ ಹೆಸರೂ ಕೊರೆದಿದೆ. "ಹೆಸರು ಹಾಕಿಸಿಕೊಂಡಿದ್ದಾಳೆ ನೋಡು, ನಾದಿನಿಯರ ಕಾಟ ಇತ್ತು ಅಂತ ಕಾಣುತ್ತೆ" ಎಂದಳು. ಹೀಗೆ ಒಂದು ಮೆಷಿನ್ ಕೊಳ್ಳುವ ಮಾತು ಎರಡಾಯಿತು.

ಸಲಹೆ ಕೇಳಿದ್ದು ನನ್ನನ್ನು. ನಾನು ಎಲೆಕ್ಟ್ರಾನಿಕ್ಸ್ ಓದಿದ ತಪ್ಪಿಗೆ ನಮ್ಮ ವಂಶದ ಮಿಕ್ಸಿ, ಗ್ರೈಂಡರ್, ಅಮ್ಮನ ಕಿವಿ ಮೆಷಿನ್ ಎಲ್ಲ ನನ್ನ ಪಾಲಿಗೆ ಬಂದಿವೆ. ಇದೂ ಬಂತು.

ಭಾವ ಕೊಳ್ಳುವುದಕ್ಕೆ ಮುಂಚೆ ಎಕ್ಸೆಲ್ ಶೀಟ್ ಮಾಡುವವರು. ಫ್ರೀಕ್ವೆನ್ಸಿ, ಬ್ಯಾಟರಿ, ಎಷ್ಟು ಆಳದ ನೀರಿಗೆ ತಡೆಯುತ್ತದೆ, ಎಲ್ಲದಕ್ಕೂ ಬಣ್ಣಬಣ್ಣದ ಕಾಲಂ. ಅಕ್ಕನದು ಸೀರೆ ಅಂಗಡಿ ಪದ್ಧತಿ: ಕೈಗೆ ಬರಬೇಕು, ಮೈಮೇಲೆ ಹಾಕಿ ನೋಡಬೇಕು. ಅಂಗಡಿಯಲ್ಲಿ ಒಂದೊಂದನ್ನೂ ಎತ್ತಿ ಕಾರ್ಪೆಟ್ ಗುಡಿಸುವವಳ ಹಾಗೆ ಬಲಕ್ಕೆ ಎಡಕ್ಕೆ ಬೀಸುತ್ತ ನಿಂತಳು. ಅಂಗಡಿಯವನು ಮುಗುಳ್ನಗುತ್ತಲೇ ಇದ್ದ. ಮುಗುಳ್ನಗೆ ಸುಸ್ತಾಗಿ ಇಳಿಯುವ ಹೊತ್ತಿಗೆ ಅವಳು ಮೂರನೇ ಮೆಷಿನ್ನಿಗೆ ಬಂದಿದ್ದಳು. ನನ್ನ ಪ್ರಕಾರ ಅಕ್ಕನದೇ ಸರಿ. ಈ ಮೆಷಿನ್ನುಗಳ ತೂಕ ಒಂದು ಕಿಲೋದಿಂದ ಒಂದೂವರೆ ಕಿಲೋ. ಮೊದಲ ಹತ್ತು ನಿಮಿಷ ಅದೇನೂ ಅಲ್ಲ, ಎರಡು ಗಂಟೆ ಬೀಸಿದ ಮೇಲೆ ಭುಜಕ್ಕೆ ಗೊತ್ತಾಗುತ್ತದೆ. ತೂಕಕ್ಕಿಂತಲೂ ಅದು ಮುಂದಕ್ಕೆ ಜಗ್ಗುತ್ತದೋ ಇಲ್ಲವೋ ಎಂಬುದು ಮುಖ್ಯ, ಮತ್ತು ಆ ಕಾಲಂ ಭಾವನ ಶೀಟಿನಲ್ಲಿ ಇರಲಿಲ್ಲ.

ಎಲ್ಲಿ ಹುಡುಕುತ್ತೀರಿ ಅನ್ನುವುದು ಮೊದಲ ಪ್ರಶ್ನೆ. ಉತ್ತ ಹೊಲಕ್ಕಾದರೆ ಗ್ಯಾರೆಟ್ ಏಸ್ 300ಐ, ತುರ್ಕಿಯ ನೊಕ್ಟಾ ಸಿಂಪ್ಲೆಕ್ಸ್ ಇಂಥ ಒಂದೇ ಫ್ರೀಕ್ವೆನ್ಸಿಯವು ಹೊಸಬರಿಗೆ ಧಾರಾಳ ಸಾಕು. ಗ್ಯಾರೆಟ್‌ನ ಕೆಳಗಿನ ತಟ್ಟೆ, ಅಂದರೆ ಕಾಯಿಲ್, ಮಾತ್ರ ನೀರಿಗೆ ಇಳಿಯುತ್ತದೆ, ಮೇಲಿನ ಡಬ್ಬಿ ಇಳಿಯುವುದಿಲ್ಲ. ಇಂಗ್ಲೆಂಡಿನ ಮಳೆಗೆ ಅದಕ್ಕೊಂದು ಕವರ್ ಬೇಕು. ಆದರೆ ಅಕ್ಕನಿಗೆ ಫೆಲಿಕ್ಸ್‌ಸ್ಟೋ ಸಮುದ್ರ ದಂಡೆ ಬೇಕು, ಅಲ್ಲಿ ಐಸ್‌ಕ್ರೀಮ್ ಸಿಗುತ್ತದೆ. ಉಪ್ಪುನೀರಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಒದ್ದೆ ಮರಳಿನ ಮೇಲೆ ಒಂದೇ ಫ್ರೀಕ್ವೆನ್ಸಿಯ ಮೆಷಿನ್ ಇಲ್ಲದ್ದಕ್ಕೂ ಇದ್ದದ್ದಕ್ಕೂ ಗೊಣಗುತ್ತದೆ. ಅಲ್ಲಿಗೆ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಳಸುವವು ವಾಸಿ. ಆಸ್ಟ್ರೇಲಿಯಾದ ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ ಅಂಥದ್ದರಲ್ಲಿ ಕೈಗೆಟುಕುವಂಥದು. ಬೆಲೆ ಇನ್ನೂರು ಚಿಲ್ಲರೆ ಪೌಂಡಿನಿಂದ ಶುರುವಾಗಿ ಸಾವಿರ ದಾಟಿ ಹೋಗುತ್ತದೆ. ದಂಪತಿಗಳಿಗೆ ನಾನು ಹೇಳುವುದು ಇಷ್ಟೇ: ಒಂದು ದುಬಾರಿಯದು, ಒಂದು ಅಗ್ಗದ್ದು ಕೊಳ್ಳಬೇಡಿ. ಅಗ್ಗದ್ದು ಯಾರ ಕೈಗೆ ಬರುತ್ತದೆ ಅನ್ನುವುದು ಮದುವೆಯಾದವರಿಗೆಲ್ಲ ಗೊತ್ತು. ಮಧ್ಯಮ ದರ್ಜೆಯವು ಎರಡಿರಲಿ.

ಎರಡು ಕೊಂಡರೆ ಇನ್ನೊಂದು ಫಜೀತಿ ಇದೆ. ಕಾಯಿಲ್ ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಲೋಹ ಇದ್ದರೆ ಅದು ತಿರುಗಿ ಉತ್ತರ ಕೊಡುತ್ತದೆ. ಪಕ್ಕದಲ್ಲೇ ಅದೇ ಫ್ರೀಕ್ವೆನ್ಸಿಯ ಇನ್ನೊಂದು ಮೆಷಿನ್ ಇದ್ದರೆ ಅದರ ಪ್ರಶ್ನೆಯನ್ನೇ ಇದು ಉತ್ತರ ಅಂದುಕೊಂಡು ಕಿರುಚುತ್ತದೆ. ಭಾವ ಜೋಡಿಗೆ ರಿಯಾಯಿತಿ ಇದೆಯೆಂದು ಒಂದೇ ಮಾದರಿಯವು ಎರಡು ತಂದರು. ಹಿತ್ತಲಿನಲ್ಲಿ ಅಕ್ಕಪಕ್ಕ ನಿಂತು ಆನ್ ಮಾಡಿದರೆ ಎರಡೂ ಒಟ್ಟಿಗೆ ಬಾಯಿ ಮಾಡಿದವು, ಯಾವುದೂ ಕೇಳಿಸಿಕೊಳ್ಳಲಿಲ್ಲ. ಬೇಸಿಗೆಗೆ ಬಂದಿದ್ದ ಅಮ್ಮ ಕಿಟಕಿಯಿಂದ ನೋಡಿ, "ಮೆಷಿನ್ನೂ ನಿಮ್ಮಿಬ್ಬರ ಹಾಗೇ ಇವೆ" ಎಂದರು. ಪರಿಹಾರ ಸುಲಭ. ಒಂದರ ಫ್ರೀಕ್ವೆನ್ಸಿಯನ್ನು ಸ್ವಲ್ಪ ಸರಿಸಬೇಕು, ಆಮೇಲೆ ಇಬ್ಬರೂ ಹತ್ತಾರು ಹೆಜ್ಜೆ ದೂರ ನಡೆಯಬೇಕು. ಯಾರು ಸರಿಸಬೇಕು ಅನ್ನುವುದು ಸುಲಭವಲ್ಲ. ಅದು ತೀರ್ಮಾನ ಆಗುವಷ್ಟರಲ್ಲಿ ಕತ್ತಲಾಯಿತು.

ಹೆಡ್‌ಫೋನ್ ಇಬ್ಬರಿಗೂ ಕಡ್ಡಾಯ. ಆಳದ ಸಣ್ಣ ದನಿ ಕೇಳಲಿ ಅಂತ ಅದು ಇರುವುದು. ಹೆಂಡತಿ ಕೂಗಿದ್ದು ಕೇಳಿಸಲಿಲ್ಲ ಅನ್ನುವುದಕ್ಕೆ ಭಾವನಿಗೆ ಇಷ್ಟು ವರ್ಷದಲ್ಲಿ ಮೊದಲ ಬಾರಿ ನಂಬುವಂಥ ಕಾರಣ ಸಿಕ್ಕಿತು. ಹಾಗೇ ಪಿನ್‌ಪಾಯಿಂಟರ್, ಗುಂಡಿಯೊಳಗೆ ತೂರಿಸಿ ನೋಡುವ ಗೇಣುದ್ದದ ಕಡ್ಡಿ. ಗ್ಯಾರೆಟ್‌ನದು ಕಿತ್ತಳೆ ಬಣ್ಣದ್ದಾಗಿ ಬಳಸುವವರೆಲ್ಲ ಅದನ್ನು ಕ್ಯಾರೆಟ್ ಅಂತಲೇ ಕರೆಯುತ್ತಾರೆ. ಅದೂ ತಲೆಗೊಂದು ಇರಲಿ. ಒಂದನ್ನೇ ಹಂಚಿಕೊಳ್ಳುವ ದಂಪತಿಗಳು ಹೊಲದ ಎರಡು ತುದಿಯಿಂದ "ರೀ, ಕ್ಯಾರೆಟ್ಟು!" "ಬಂದು ತಗೊಂಡು ಹೋಗೇ!" ಎಂದು ಕೂಗಾಡುವುದನ್ನು ಅಲ್ಲಿಯ ಕುರಿಗಳೂ ನಿಂತು ನೋಡುತ್ತವೆ.

ಮೊದಲ ಸಲ ಹೊಲಕ್ಕೆ ಹೋದಾಗ ಭಾವನ ಮೆಷಿನ್ ಗಂಟೆ ಹೊಡೆದ ಹಾಗೆ ಸ್ವಚ್ಛವಾದ ಮೇಲುದನಿ ಕೊಟ್ಟಿತು. ಪರದೆಯ ಮೇಲೆ ಬೆಳ್ಳಿಗೆ ಬರುವಂಥ ನಂಬರು. ಮಂಡಿಯೂರಿ ಅಗೆದರು, ಏನಿಲ್ಲ. ಎರಡು ಗಜ ಆಚೆ ಮತ್ತೆ ಅದೇ ದನಿ. ಅಲ್ಲೂ ಅಗೆದರು. ನಿಧಿ ಹಾವಿನ ಹಾಗೆ ಸರಿದು ಹೋಗುತ್ತದೆ ಎಂದು ಅಮ್ಮ ಹಿಂದಿನ ರಾತ್ರಿಯಷ್ಟೇ ಹೇಳಿದ್ದರಿಂದ ಭಾವನ ಮುಖ ಸಣ್ಣಗಾಯಿತು. ಸದ್ದು ಮಾಡುತ್ತಿದ್ದದ್ದು ಏನು ಸಿಕ್ಕಿತೆಂದು ನೋಡಲು ಓಡಿ ಬಂದು ಬಂದು ಪಕ್ಕ ನಿಲ್ಲುತ್ತಿದ್ದ ಅಕ್ಕನ ಬೂಟಿನೊಳಗಿನ ಕಾಲುಂಗುರ! ಟೆಲಿಫೋನಿನ ಗ್ರಹಾಂ ಬೆಲ್‌ಗೂ ಹೀಗೇ ಆಗಿತ್ತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡು ಹುಡುಕಲು ಬೆಲ್ ಇಂಥದೇ ಯಂತ್ರ ತಂದರೆ ಹಾಸಿಗೆಯ ಲೋಹದ ಸ್ಪ್ರಿಂಗುಗಳು ದಾರಿ ತಪ್ಪಿಸಿದವಂತೆ. ಭಾವ ಇದನ್ನು ಹೇಳಿ ಸಮಾಧಾನಪಟ್ಟುಕೊಂಡರು. ಅಕ್ಕ ಕಾಲುಂಗುರ ತೆಗೆಯಲಿಲ್ಲ, ಭಾವನಿಗೇ ದೂರ ನಡೆಯಲು ಹೇಳಿದಳು.

ಕಸ ಬಿಟ್ಟು ಚಿನ್ನ ಮಾತ್ರ ತೋರಿಸುವ ಮೆಷಿನ್ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಅಂಥದ್ದಿಲ್ಲ. ಕಬ್ಬಿಣದ ಮೊಳೆಯನ್ನು ಬಹುಮಟ್ಟಿಗೆ ಬೇರೆ ಮಾಡಬಹುದು. ಆದರೆ ಕೋಕಾಕೋಲಾ ಡಬ್ಬಿಯ ಕಿವಿಯೂ ಚಿನ್ನದ ಉಂಗುರವೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ನಂಬರು ತೋರಿಸುತ್ತವೆ. ಹಿತ್ತಲಲ್ಲಿ ಹೂತು ಪರೀಕ್ಷೆ ಮಾಡೋಣವೆಂದು ಭಾವ ಉಂಗುರ ಕೇಳಿದಾಗ ಅಮ್ಮ ಬೆರಳು ಮಡಿಸಿಕೊಂಡು, "ಹೂಳೋದಕ್ಕೆ ನಾನಿನ್ನೂ ಬದುಕಿದ್ದೀನಿ ಅಳಿಯಂದ್ರೇ" ಎಂದರು. ಅಲ್ಯೂಮಿನಿಯಂ ಬೇಡವೆಂದು ಬಿಟ್ಟವರು ಚಿನ್ನವನ್ನೂ ಬಿಟ್ಟಂತೆ. ಎಲ್ಲ ಅಗೆಯಬೇಕು, ಅಗೆದದ್ದನ್ನು ಮತ್ತೆ ಮುಚ್ಚಬೇಕು.

ಅಗೆಯುವುದಕ್ಕೆ ಜಮೀನಿನವರ ಒಪ್ಪಿಗೆ ಬೇಕು. ಭಾವ ಲೆಟರ್‌ಹೆಡ್ಡಿನಲ್ಲಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅಕ್ಕ ಒಂದು ಡಬ್ಬಿ ಕೋಡುಬಳೆ ಹಿಡಿದು ರೈತನ ಬಾಗಿಲು ತಟ್ಟಿ ನಲವತ್ತು ಎಕರೆಗೆ ಅನುಮತಿ ತಂದಳು. ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಅನ್ನುವುದನ್ನು ಮಾತ್ರ ಬರೆಸಿಕೊಂಡಿರಬೇಕು, ಕೋಡುಬಳೆ ಸಾಕ್ಷಿ ಹೇಳುವುದಿಲ್ಲ.

ಅಲ್ಲಿಯ ಕಾನೂನು ಕೇಳಿ ಅಮ್ಮ ಬೆರಗಾದರು. 1996ರ ಕಾಯ್ದೆ ಪ್ರಕಾರ ಮುನ್ನೂರು ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ಒಡವೆ ಸಿಕ್ಕಿದರೆ 14 ದಿನದೊಳಗೆ ಕೊರೊನರ್‌ಗೆ ತಿಳಿಸಬೇಕು. ಕೊರೊನರ್ ಅಂದರೆ ಅನುಮಾನದ ಸಾವಿನ ವಿಚಾರಣೆ ಮಾಡುವ ಸಾಹೇಬರು. "ಚಿನ್ನ ಸಿಕ್ಕರೆ ಹೆಣದ ಸಾಹೇಬರಿಗೆ ಯಾಕೆ?" ಪ್ರಶ್ನೆ ನ್ಯಾಯವಾದ್ದೇ. 1194ರಲ್ಲಿ ಆ ಹುದ್ದೆ ಹುಟ್ಟಿದ್ದೇ ರಾಜನ ಬೊಕ್ಕಸಕ್ಕೆ ಬರಬೇಕಾದ್ದನ್ನು ಕಾಯಲು. ಸತ್ತವರ ಆಸ್ತಿಯೂ ಸಿಕ್ಕಿದ ನಿಧಿಯೂ ಅದೇ ಲೆಕ್ಕದಲ್ಲಿ. ನಮ್ಮಲ್ಲೂ ಬ್ರಿಟಿಷರು 1878ರಲ್ಲಿ ಮಾಡಿದ ಕಾಯ್ದೆಯಿತ್ತು, ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕರೆ ಕಲೆಕ್ಟರಿಗೆ ವರದಿ ಕೊಡಬೇಕೆಂದು.

ಇದನ್ನು ಹೇಳಿದ್ದೇ ತಡ, ಅಮ್ಮನಿಗೆ ತಿಪಟೂರಿನ ಬಾವಿಕಟ್ಟೆ ಹತ್ತಿರ ಪಾತ್ರೆ ತೊಳೆಯುವಾಗ ಬಿದ್ದು ಹೋದ ಮೂಗುಬೊಟ್ಟು ನೆನಪಾಯಿತು. "ಬರುವಾಗ ಒಂದು ಮೆಷಿನ್ ತನ್ನಿ." ಅಷ್ಟು ಚಿಕ್ಕ ಚಿನ್ನಕ್ಕೆ ಈ ಮೆಷಿನ್ ಆಗುವುದಿಲ್ಲ, ಹೆಚ್ಚಿನ ಫ್ರೀಕ್ವೆನ್ಸಿಯದು ಬೇಕಾಗುತ್ತದೆ ಎಂದು ಭಾವ ಉತ್ಸಾಹದಿಂದ ಲ್ಯಾಪ್‌ಟಾಪ್ ತೆರೆದರು. ಅಕ್ಕ ಅದನ್ನು ಮುಚ್ಚಿದಳು. "ಅಮ್ಮಾ, ಆ ದುಡ್ಡಲ್ಲಿ ನಿನಗೆ ಹೊಸ ಮೂಗುಬೊಟ್ಟೇ ಕೊಡಿಸ್ತೀನಿ."

"ಬೇಡ ಅಂದೋರು ಯಾರೇ? ಹೊಸದನ್ನೂ ಕೊಡಿಸು, ಹಳೇದನ್ನೂ ಹುಡುಕು."