ಕ್ಯಾಸೆಟ್ ಮಹಾಶಯರಿಗೆ ಬಿನ್ನವತ್ತಳೆ

ಪರಮಪೂಜ್ಯ ಅಧ್ಯಕ್ಷರೇ, ಅಧ್ಯಕ್ಷರು ಬರುವ ತನಕ ಕುರ್ಚಿ ಬೆಚ್ಚಗಿಟ್ಟಿದ್ದ ಉಪಾಧ್ಯಕ್ಷರೇ, ದೀಪ ಹಚ್ಚಿ ಅದು ಆರುವ ಮುಂಚೆಯೇ ಹೊರಟುಹೋದ ಉದ್ಘಾಟಕರೇ, ಕಾಚಿಗೂಡ, ಬರ್ಕತ್‌ಪುರ, ಮಲಕಪೇಟೆ, ದಿಲ್‌ಸುಖನಗರಗಳಿಂದ ಆಟೋದವರ ಜೊತೆ ಜಗಳಾಡಿಕೊಂಡು ಬಂದ ಸಮಸ್ತ ಹೈದರಾಬಾದ್ ಕನ್ನಡಿಗರೇ, ನೃಪತುಂಗ ಶಾಲೆಯ ಹಳೆಯ ವಿದ್ಯಾರ್ಥಿಗಳೇ, ಅವರನ್ನು ಹುಡುಕಿಕೊಂಡು ವಿಡಿಯೋ ಗೇಮ್ ಅಂಗಡಿಗೆ ಬರುತ್ತಿದ್ದ ಅವರ ತಂದೆಯವರೇ, ಆ ತಂದೆಯವರ ಕೈಯಲ್ಲಿರುತ್ತಿದ್ದ ಚಪ್ಪಲಿಗಳೇ, ಸನ್ಮಾನಿತರ ಬಲಗಡೆ ಆಸೀನರಾದ ಅಡಾಪ್ಟರ್ ಸಾಹೇಬರೇ, ಎಡಗಡೆ ಗುಂಯ್‌ಗುಡುತ್ತಿರುವ ಸ್ಟೆಬಿಲೈಸರ್ ಸಾಹೇಬರೇ, ಮತ್ತು ಮುಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ಆಟವಾಡುತ್ತಿರುವ ಅಧ್ಯಕ್ಷರ ಮೊಮ್ಮಗನೇ,

ಇಂದು ನಾವು ಶಾಲು ಹೊದಿಸಲಿರುವುದು ವಂಚಕ ಚಕ್ರವರ್ತಿ, ಅಸತ್ಯ ಸಾರ್ವಭೌಮ, ಹಳದಿ ಅಂಗಿಯ ಮಹಾಪುರುಷ, 9999999-ಇನ್-1 ಎಂಬ ಬಿರುದನ್ನು ತಾವೇ ತಮ್ಮ ಹಣೆಗೆ ಅಂಟಿಸಿಕೊಂಡ ವಿಡಿಯೋ ಗೇಮ್ ಕ್ಯಾಸೆಟ್ ಮಹಾಶಯರಿಗೆ.

ಮಹಾಶಯರೇ, ತೊಂಬತ್ತರ ದಶಕದಲ್ಲಿ ಕೋಠಿಯ ಗುಜರಾತಿ ಗಲ್ಲಿಯಲ್ಲಿ ತಾವು ನಮಗೆ ದರ್ಶನವಿತ್ತಿರಿ. "ಆಂಖ್ ಬಂದ್ ಕರ್ಕೇ ಲೇಲೋ ಭಾಯಿ, ಸಬ್ ಗೇಮ್ ಹೈ ಇಸ್ಮೇ" ಎಂದು ಅಂಗಡಿಯವನು ಆಣೆ ಹಾಕಿದ. ಹಬ್ಬದ ದುಡ್ಡು, ಸೋದರಮಾವ ಕೊಟ್ಟ ದುಡ್ಡು, ಅಜ್ಜಿಯ ಸೆರಗಿನ ಗಂಟಿನ ದುಡ್ಡು ಎಲ್ಲ ಸುರಿದು ತಮ್ಮನ್ನು ಮನೆ ತುಂಬಿಸಿಕೊಂಡೆವು. ಒಂದೊಂದು ಆಟಕ್ಕೆ ಒಂದೇ ನಿಮಿಷ ಕೊಟ್ಟರೂ, ಊಟ ನಿದ್ದೆ ಬಿಟ್ಟು ಆಡಿದರೂ, ತಮ್ಮನ್ನು ಮುಗಿಸಲು 19 ವರ್ಷ ಬೇಕು. ನಾವು ಸಂಜೆಯೊಳಗೆ ಮುಗಿಸಿದೆವು. ಒಳಗಿದ್ದದ್ದು ಮಾರಿಯೋ, ಕಾಂಟ್ರಾ, ಟ್ಯಾಂಕ್, ಬಾತುಕೋಳಿ ಬೇಟೆ, ಇನ್ನು ನಾಲ್ಕಾರು. ಉಳಿದದ್ದೆಲ್ಲ ಅದೇ ಮಾರಿಯೋ ಬೇರೆ ಹೆಸರಿನಲ್ಲಿ, ಅದೇ ಟ್ಯಾಂಕ್ ಐದನೇ ಸ್ಟೇಜಿನಿಂದ. ಎಂಥ ಪ್ರತಿಭೆ!

ತಮ್ಮ ಕುಲಗೋತ್ರವನ್ನೂ ಹೇಳಿಬಿಡುತ್ತೇನೆ, ಅಧ್ಯಕ್ಷರು ಗಡಿಯಾರ ನೋಡಿದರೂ ಸರಿ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಲಿ ಕಂಪ್ಯೂಟರ್ ಎಂಬ ಪೆಟ್ಟಿಗೆ ಹೊರತಂದಿತು. ನಮ್ಮ ಗಲ್ಲಿಗೆ ಬಂದದ್ದು ಅದರ ನಕಲು, ನಕಲಿನ ನಕಲು. 1985ರ ಮಾರಿಯೋ ಆಟ, 32 ಹಂತಗಳು, ಹಾಡು, ಆಮೆ, ಅಣಬೆ, ರಾಜಕುಮಾರಿ ಸಮೇತ, 40 ಕಿಲೋಬೈಟಿನಲ್ಲಿ ಕೂತಿತ್ತು. ಅಧ್ಯಕ್ಷರು ದಿನಾ ವಾಟ್ಸಾಪಿನಲ್ಲಿ ಕಳಿಸುವ ಶುಭೋದಯದ ಗುಲಾಬಿ ಅದಕ್ಕಿಂತ ದೊಡ್ಡದು.

ತಮ್ಮ ಸೇವೆ ನಡೆದದ್ದು ಇಸಿ ಟಿವಿಯ ಮೇಲೆ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಟಿವಿ ನಮ್ಮೂರಿನದೇ. 1967ರಲ್ಲಿ ಹೈದರಾಬಾದಿನಲ್ಲಿ, ಅಣುಶಕ್ತಿ ಇಲಾಖೆಯ ಅಡಿಯಲ್ಲಿ, ಎ.ಎಸ್. ರಾವ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಇಸಿಐಎಲ್ ಅದನ್ನು ಮಾಡುತ್ತಿತ್ತು. ಮತಯಂತ್ರ ಮಾಡುವುದೂ ಅದೇ ಸಂಸ್ಥೆ, ಬೆಂಗಳೂರಿನ ಬಿಇಎಲ್ ಜೊತೆಗೆ. ಗುಂಡಿ ಒತ್ತಿದರೆ ಬೀಪ್ ಅನ್ನುವ ಆ ಪೆಟ್ಟಿಗೆಯಲ್ಲಿ ಯಾರಿಗೆ ಎಷ್ಟು ಲೈಫ್ ಸಿಗುತ್ತದೆ ಎನ್ನುವುದು ಬೇರೆ ಭಾಷಣ.

ಬಾತುಕೋಳಿಗೆ ಗುರಿಯಿಟ್ಟ ಆಟದ ಬಂದೂಕಿನಿಂದ ಗುಂಡು ಹಾರುತ್ತದೆಂದು ನಂಬಿದ್ದೆವು. ಹಾರುತ್ತಿರಲಿಲ್ಲ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿಯಿದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತಿತ್ತು. ಬಂದೂಕಿನೊಳಗಿನ ಕಣ್ಣು ಆ ಬೆಳಕು ಕಂಡರೆ ಬಾತುಕೋಳಿ ಸತ್ತಿತೆಂದು ಲೆಕ್ಕ. ಡಬ್ಬಾ ಟಿವಿಯಲ್ಲಿ ಮಾತ್ರ ನಡೆಯುವ ಆಟ ಅದು. ಇನ್ನು ತಮ್ಮ ಬುಡಕ್ಕೆ ನಾವು ಊದಿದ ಉಸಿರು! ಅದರಿಂದ ಏನೂ ಆಗುತ್ತಿರಲಿಲ್ಲವಂತೆ. ತೆಗೆದು ಮತ್ತೆ ಕೂರಿಸಿದ್ದಕ್ಕೆ ಕನೆಕ್ಷನ್ ಸಿಗುತ್ತಿತ್ತು. ಉಸಿರಿನ ತೇವ ಪಿನ್ನುಗಳಿಗೆ ತುಕ್ಕು ಹಿಡಿಸುತ್ತಿತ್ತು ಅಷ್ಟೇ. ಹೀಗೆ ನಾವೂ ತಮಗೆ ದ್ರೋಹ ಬಗೆದಿದ್ದೇವೆ, ಮನ್ನಿಸಿ.

ಏ ತಮ್ಮಾ, ಕೆಳಗ ಇಡ ಆ ಫೋನ್! ಸೌಂಡ್ ಆದ್ರೂ ಕಮ್ಮಿ ಮಾಡೋ!

ಕ್ಷಮೆಯಿರಲಿ, ಸಭಿಕರೇ. ಆದರೆ ಇವತ್ತಿನ ಸನ್ಮಾನದ ಮೂಲ ಕಾರಣವೇ ಆ ಫೋನು. ಅದರಲ್ಲಿ ಆಟ ಪುಕ್ಕಟೆ. ಎರಡು ನಿಮಿಷ ಆಡಿದರೆ ಮೂವತ್ತು ಸೆಕೆಂಡು ಜಾಹೀರಾತು. ಅದನ್ನು ಮುಚ್ಚಲು ಮೂಲೆಯಲ್ಲೊಂದು ಇಂಟು ಮಾರ್ಕು, ಇರುವೆಯ ಕಣ್ಣಿಗೂ ಕಾಣದ್ದು. ಒತ್ತಿದರೆ ಇನ್ನೊಂದು ಅಂಗಡಿ ತೆರೆಯುತ್ತದೆ. ಅಲ್ಲಿಂದ ಪಾರಾದರೆ ಇನ್ನೊಂದು ಇಂಟು ಮಾರ್ಕು. ಆಮೇಲೆ ವಜ್ರದ ಪೆಟ್ಟಿಗೆ: ದುಡ್ಡು ಕೊಟ್ಟು ತೆರೆಯಬೇಕು, ಒಳಗೇನಿದೆ ಎಂದು ಮೊದಲು ಹೇಳುವುದಿಲ್ಲ. ನನ್ನ ತಂಗಿಯ ಮಗ ಅವರಮ್ಮನ ಕಾರ್ಡಿನಲ್ಲಿ ವಜ್ರ ಕೊಂಡ. ಬ್ಯಾಂಕಿನ ಮೆಸೇಜು ನೋಡಿ ಆಕೆ ಮನೆಗೆ ಕಳ್ಳ ನುಗ್ಗಿದ ಎಂದುಕೊಂಡಳು. ಖರೇ ಅದ, ಕಳ್ಳನೇ ನುಗ್ಗಿದ್ದ!

ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಸಾರಿತು. ನಮ್ಮ ತೆಲಂಗಾಣ 2017ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೂ ಕಾನೂನು ಮಾಡಿತು. ರಮ್ಮಿಗೆ ಬೀಗ ಬಿತ್ತು, ವಜ್ರದ ಅಂಗಡಿ ತೆರೆದೇ ಇದೆ, ಇಂಟು ಮಾರ್ಕು ಇನ್ನೂ ಸಣ್ಣದಾಗುತ್ತಿದೆ.

ಕ್ಯಾಸೆಟ್ ಮಹಾಶಯರೇ, ತಾವು ಮೋಸ ಮಾಡಿದ್ದು ಒಂದೇ ಸಲ, ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು. ಆಮೇಲೆ ಒಂದು ಪೈಸೆ ಕೇಳಲಿಲ್ಲ. ಕಾಂಟ್ರಾದಲ್ಲಿ ಮೂರೇ ಲೈಫ್ ಕೊಟ್ಟಿರಿ. ಆದರೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು, ಅದೂ ಪುಕ್ಕಟೆ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಎಂಬಾತ 1986ರ ಗ್ರೇಡಿಯಸ್ ಆಟವನ್ನು ಪರೀಕ್ಷಿಸುವಾಗ ತನಗೇ ಗೆಲ್ಲಲಾಗದೆ ಸೇರಿಸಿಕೊಂಡ ಗುಟ್ಟು ಅದು. 2020ರಲ್ಲಿ ಆತ ತೀರಿಕೊಂಡ. ಜಪಾನಿನ ಆ ಪುಣ್ಯಾತ್ಮನ ಮಂತ್ರ ಇಂಟರ್‌ನೆಟ್ಟಿಲ್ಲದ ಕಾಲದಲ್ಲಿ ಕಾಚಿಗೂಡದ ಹುಡುಗರಿಗೆ ಬಾಯಿಪಾಠವಿತ್ತು. ಇವತ್ತಿನ ಆಟದಲ್ಲಿ ಅದೇ ಮೂವತ್ತು ಲೈಫಿಗೆ ರೇಟ್ ಕಾರ್ಡು ಇದೆ.

ಆದ್ದರಿಂದ ತಮಗೆ 'ಪ್ರಾಮಾಣಿಕ ವಂಚಕ' ಎಂಬ ಬಿರುದನ್ನು ಸಭೆ ಚಪ್ಪಾಳೆಯಿಂದ ಅನುಮೋದಿಸಲಿ. ಶಾಲು ಸ್ವಲ್ಪ ದೊಡ್ಡದಾಯಿತು. ಅಡಾಪ್ಟರ್ ಸಾಹೇಬರಿಗೂ ಸೇರಿಸಿ ಹೊದಿಸುತ್ತೇವೆ.

ಸಭಿಕರಲ್ಲಿ ಒಂದೇ ಕೋರಿಕೆ. ಊಟಕ್ಕೆ ಏಳುವ ಮುಂಚೆ ನಿಮ್ಮ ನಿಮ್ಮ ಫೋನು ತೆಗೆಯಿರಿ, ಆಪ್ ಸ್ಟೋರಿನ ಸೆಟ್ಟಿಂಗಿಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಆ ಪಾಸ್‌ವರ್ಡಿಗೆ ಮಗುವಿನ ಹುಟ್ಟಿದ ದಿನಾಂಕ ಇಡಬೇಡಿ. ಅಧ್ಯಕ್ಷರೇ, ಮೊದಲು ನೀವು.