ಡಿಸಿ ರಜೆಯ ವ್ಯಾಪ್ತಿ

ಆಗಸ್ಟ್ ಕೊನೆಯ ವಾರ ದುಬೈಯ ಕರಾಮಾ, ಖಿಸೈಸ್ ಕಡೆಯ ನಮ್ಮ ಕರಾವಳಿಯವರ ಫ್ಲ್ಯಾಟುಗಳಲ್ಲಿ ಬೆಳಗ್ಗೆ ಐದೂವರೆಗೆ ಏಳುವ ಗಲಾಟೆ ಹೊಸತೇನಲ್ಲ. ಎಬ್ಬಿಸುವವರ ಗಂಟಲು, ಏಳದವರ ಹಟ, ಎರಡು ತಿಂಗಳಲ್ಲಿ ಸಣ್ಣದಾದ ಶೂ, ಕೆಳಗೆ ಕಾಯುವ ಬಸ್ಸು, ಎಲ್ಲ ವರ್ಷವರ್ಷದ್ದೇ. ಹೊಸತು ಏನೆಂದರೆ ಮಕ್ಕಳು ಈಗ ಹೂಡುತ್ತಿರುವ ವಾದ. ಕೂಳೂರಿನ ಅಜ್ಜಿ ಮನೆಯಲ್ಲಿ ರಜೆ ಕಳೆದು ಬಂದ ಮಗು ಹೊದಿಕೆಯಿಂದ ಮೂಗೂ ಹೊರಗೆ ಹಾಕದೆ, "ಡಿಸಿ ರಜೆ ಕೊಟ್ಟಿದ್ದಾರಾ ನೋಡಿ" ಎನ್ನುತ್ತದೆ. ಕಿಟಕಿಯಾಚೆ ಮೋಡದ ಚೂರಿಲ್ಲ. ಆದರೆ ಮಗುವಿನ ಕೈಯಲ್ಲಿ ದಾಖಲೆ ಇದೆ. ಕೂಳೂರಿನಲ್ಲಿ ಆಗ ಗಂಟೆ ಏಳು. ಅಲ್ಲಿ ಧೋ ಎಂದು ಮಳೆ. ಅಲ್ಲಿನ ಮಾವನ ಮಗ ಜಿಲ್ಲಾಧಿಕಾರಿಯ ರಜೆ ಆದೇಶವನ್ನು ಮೊಬೈಲಿಗೆ ಕಳಿಸಿಯಾಗಿದೆ. "ಅದು ದಕ್ಷಿಣ ಕನ್ನಡ ಜಿಲ್ಲೆಗೆ ಮಾರಾಯ!" ಎಂದು ಅಪ್ಪ ಕಿರುಚುತ್ತಾನೆ. "ನಾವು ದಕ್ಷಿಣ ಕನ್ನಡದವರಲ್ವಾ ಪಪ್ಪಾ?" ಎಂದು ಹೊದಿಕೆಯೊಳಗಿಂದ ಪ್ರಶ್ನೆ ಬರುತ್ತದೆ. ವರ್ಷವಿಡೀ ಮಗುವನ್ನು ರಾಜ್ಯೋತ್ಸವದ ವೇದಿಕೆ ಹತ್ತಿಸಿ, ಕಚ್ಚೆ ಉಡಿಸಿ, "ಊರು ಯಾವುದು ಹೇಳು, ಜೋರಾಗಿ ಹೇಳು" ಎಂದು ಮೈಕಿನ ಮುಂದೆ ತಳ್ಳಿದ ಅಪ್ಪನಿಗೆ ಇದಕ್ಕೆ ಉತ್ತರವಿಲ್ಲ.

ಉತ್ತರವಿಲ್ಲದ ಅಪ್ಪಂದಿರು ಸೇರಿ ಒಂದು ಸಿದ್ಧಾಂತ ಕಟ್ಟಿದ್ದಾರೆ: ಊರಿಗೆ ಹೋದರೆ ಮಕ್ಕಳು ಹಾಳಾಗುತ್ತಾರೆ, ಮತ್ತೆ ಹಳಿಗೆ ತರಲು ತಿಂಗಳು ಬೇಕು. ಈ ಸಿದ್ಧಾಂತ ಪೂರ್ತಿ ತಪ್ಪು ಎಂದು ಸಾಧಿಸುವುದಕ್ಕೇ ಈ ಬರಹ. ರಜೆಯಿಂದ ಇನ್ನೂ ವಾಪಸು ಬಾರದವರು ಆ ಮನೆಯ ದೊಡ್ಡವರು. ಮಗು ಬಂದಾಗಿದೆ, ಬಂದ ಜಾಗದ ನಿಯಮವೇನು ಎಂದು ವಿಚಾರಿಸುತ್ತಿದೆ, ಅಷ್ಟೇ. ಡಿಸಿ ರಜೆಯ ಸ್ವರೂಪ ಬಲ್ಲವರಿಗೆ ಅದರಲ್ಲಿ ಸೋಮಾರಿತನ ಕಾಣದು. ಹವಾಮಾನ ಇಲಾಖೆಯವರು 24 ಗಂಟೆಯಲ್ಲಿ 204.4 ಮಿಲಿಮೀಟರ್ ಮೀರುವ ಮಳೆಯ ಸೂಚನೆ ಇದ್ದರೆ ರೆಡ್ ಅಲರ್ಟ್ ಎನ್ನುತ್ತಾರೆ. ಜಿಲ್ಲಾಧಿಕಾರಿಯೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು; ಅವರು ಆದೇಶ ಹೊರಡಿಸುತ್ತಾರೆ. ಅದಕ್ಕೆ ದಿನಾಂಕವಿದೆ, ವ್ಯಾಪ್ತಿಯಿದೆ, ಅಂಗನವಾಡಿಯಿಂದ ಪಿಯುಸಿವರೆಗೆ ಎಂಬ ಮಿತಿಯಿದೆ. ಕಳೆದ ಪಾಠವನ್ನು ಮುಂದೆ ಶನಿವಾರವೋ ಭಾನುವಾರವೋ ತುಂಬಿಕೊಡಬೇಕೆಂಬ ಬಾಲವೂ ಇರುತ್ತದೆ. ಹಳೆಯ ಆದೇಶದ ತಾರೀಕು ತಿದ್ದಿ ಹರಿಬಿಡುವ ನಕಲಿಗಳ ಕಾಟ ಇರುವುದರಿಂದ ನಮ್ಮ ಜಿಲ್ಲೆಯ ಮಕ್ಕಳು ಸಹಿ, ತಾರೀಕು, ಮೊಹರು ನೋಡದೆ ಸಂತೋಷಪಡುವುದಿಲ್ಲ. ಎರಡನೇ ಕ್ಲಾಸಿನ ಮಗು ಸರ್ಕಾರಿ ಆದೇಶವನ್ನು ಇಷ್ಟು ಎಚ್ಚರದಿಂದ ಓದುವ ಊರು ಬೇರೆ ಇದ್ದರೆ ಹೇಳಿ. ಅಪ್ಪನಾದರೋ ತನ್ನ ಬಾಡಿಗೆ ಕರಾರನ್ನೂ ಪೂರ್ತಿ ಓದಿರುವುದಿಲ್ಲ.

ಮೊದಲ ಆಕ್ಷೇಪ ಗಡಿಯಾರದ್ದು. ಸಮಯ ವ್ಯತ್ಯಾಸದಿಂದ ಮಕ್ಕಳ ನಿದ್ದೆ ಕೆಟ್ಟಿದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ದುಬೈ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಕೂಳೂರಿನಲ್ಲಿ ಏಳಕ್ಕೆ ಏಳುತ್ತಿದ್ದ ದೇಹಕ್ಕೆ ದುಬೈಯಲ್ಲಿ ಐದೂವರೆಗೇ ಎಚ್ಚರವಾಗಬೇಕು. ಅಂದರೆ ಕನಿಷ್ಠ ಮೂರು ನಾಲ್ಕು ದಿನ ಮಕ್ಕಳು ಅಲಾರಂಗಿಂತ ಮೊದಲು ಎದ್ದು, ಹಲ್ಲುಜ್ಜಿ, ಚೀಲ ಬೆನ್ನಿಗೇರಿಸಿ ಬಾಗಿಲಲ್ಲಿ ನಿಂತಿರಬೇಕಿತ್ತು. ವ್ಯತ್ಯಾಸ ನಮ್ಮ ಪರವಾಗಿಯೇ ಇದೆ; ತೊಂದರೆ ಕೊಡುವುದಿದ್ದರೆ ಅದು ಜುಲೈಯಲ್ಲಿ ಊರಿಗೆ ಹೋಗುವಾಗ. ಇನ್ನು ಆಫೀಸಿನಲ್ಲಿ ಮೇಜಿನ ಮೇಲೆ ತೂಕಡಿಸುತ್ತ ಜೆಟ್ ಲ್ಯಾಗ್ ಎಂಬ ದೊಡ್ಡ ಮಾತಾಡುವ ಹಿರಿಯರು ಮಾಡಿದ ಪ್ರಯಾಣವೆಷ್ಟು? ಮೂರೂವರೆ ಗಂಟೆಯ ಆಸುಪಾಸು. ಹೆದ್ದಾರಿ 66ರಲ್ಲಿ ಪಣಂಬೂರಿನ ಲಾರಿಗಳ ಹಿಂದೆ ಕೂಳೂರು ಸೇತುವೆ ದಾಟಲು ದಿನವೂ ಕಾಯುವವರು ತಮ್ಮ ಸುಸ್ತಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟುಕೊಂಡದ್ದನ್ನು ಯಾರೂ ಕೇಳಿಲ್ಲ.

ಎರಡನೇ ಆಕ್ಷೇಪ ಅಜ್ಜಿಯ ಮೇಲೆ. ಅಜ್ಜಿ ಮುದ್ದು ಮಾಡಿ ಕೆಡಿಸಿದರು ಎಂದು. ಇದನ್ನು ಹೇಳುವವರು ಜುಲೈ ತಿಂಗಳ ಅಜ್ಜಿ ಮನೆಯನ್ನು ಮರೆತಿದ್ದಾರೆ. ನಮ್ಮಲ್ಲಿ ಶಾಲೆಗೆ ಬೇಸಗೆ ರಜೆ ಏಪ್ರಿಲ್, ಮೇ. ಕೊಲ್ಲಿಯ ಶಾಲೆಗಳಿಗೆ ಜುಲೈ, ಆಗಸ್ಟ್. ಹಾಗಾಗಿ ದುಬೈಯ ಮಗು ರಜೆಗೆಂದು ಬಂದಿಳಿಯುವುದು ರಜೆಯೇ ಇಲ್ಲದ ಮನೆಗೆ. ಮಾವನ ಮಕ್ಕಳು ಬೆಳಗ್ಗೆ ರೈನ್‌ಕೋಟು ತೊಟ್ಟು ರಿಕ್ಷಾ ಹತ್ತುತ್ತಾರೆ, ಅತ್ತೆ ಕೆಲಸಕ್ಕೆ ಹೊರಡುತ್ತಾರೆ. ಅಜ್ಜಿಯ ಕಾಫಿ, ಸ್ನಾನ, ದೀಪ, ಗಂಜಿ, ಧಾರಾವಾಹಿ ಒಂದೂ ಹತ್ತು ನಿಮಿಷ ಆಚೀಚೆ ಆಗುವಂತಿಲ್ಲ. ಇಷ್ಟು ಕಟ್ಟುನಿಟ್ಟಾದ ಟೈಮ್‌ಟೇಬಲ್ ದುಬೈಯ ಯಾವ ಶಾಲೆಯಲ್ಲೂ ಇರಲಾರದು. ಆ ಮನೆಯಲ್ಲಿ ಸಡಿಲ ಇರುವುದು ಅಜ್ಜನ ಇತಿಹಾಸದಲ್ಲಿ ಮಾತ್ರ. "ನಮ್ಮ ಕಾಲದಲ್ಲಿ ಬೆಳಗ್ಗೆ ನಾಲ್ಕಕ್ಕೆ ಏಳುತ್ತಿದ್ದೆವು" ಎಂದು ಅವರು ಮೊಮ್ಮಗನಿಗೆ ಪಾಠ ಮಾಡುತ್ತಾರೆ. 1975ರ ಜನವರಿಯಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಯಿತು, 1976ರಲ್ಲಿ ಪಕ್ಕದ ಗೊಬ್ಬರದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಕೂಳೂರು, ಪಣಂಬೂರು, ಬೈಕಂಪಾಡಿಯ ಅಜ್ಜಂದಿರು ಅನೇಕರು ಅಲ್ಲೆಲ್ಲ ಶಿಫ್ಟಿನಲ್ಲಿ ದುಡಿದವರು. ನೈಟ್ ಶಿಫ್ಟ್ ಮುಗಿಸಿ ಬಂದು ಮಟಮಟ ಮಧ್ಯಾಹ್ನ ಗೊರಕೆ ಹೊಡೆದದ್ದಕ್ಕೆ, "ಅಪ್ಪ ಮಲಗಿದ್ದಾರೆ, ಶಬ್ದ ಮಾಡಬೇಡಿ" ಎಂದು ಬೈಸಿಕೊಂಡು ಅಂಗಳದಲ್ಲಿ ಪಿಸುಗುಟ್ಟಿ ಆಡಿದ ಇಡೀ ತಲೆಮಾರೇ ಸಾಕ್ಷಿಯಿದೆ. ನಾಲ್ಕಕ್ಕೆ ಎದ್ದದ್ದು ಸುಳ್ಳಲ್ಲ. ಬೆಳಗ್ಗಿನದೋ ಸಂಜೆಯದೋ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಹಾಗಾದರೆ ಹಳಿ ತಪ್ಪಿದವರು ಯಾರು? ಎಮಿರೇಟ್ಸಿನ ಕಾರ್ಮಿಕ ಕಾನೂನಿನಂತೆ ವರ್ಷ ತುಂಬಿದ ನೌಕರನಿಗೆ ಸಿಗುವ ವಾರ್ಷಿಕ ರಜೆ 30 ದಿನ. ಮಕ್ಕಳ ರಜೆ ಅದರ ಹತ್ತಿರ ಹತ್ತಿರ ಎರಡರಷ್ಟು. ಆದ್ದರಿಂದ ಅಪ್ಪ ಮೊದಲೇ ವಾಪಸು ಬಂದು ಒಂದು ತಿಂಗಳು ಒಂಟಿಯಾಗಿ ಸಂಸಾರ ಮಾಡುತ್ತಾನೆ. ಆ ತಿಂಗಳಲ್ಲಿ ಮಲಗುವ ಕೋಣೆ ಬಿಟ್ಟು ಸೋಫಾ ಸೇರುತ್ತಾನೆ. ಕಫ್ತೇರಿಯಾದ ಪರೋಟ, ಕಡಕ್ ಚಾಯ್ ಎರಡೇ ಅನ್ನಾಹಾರ. ಸಿಂಕಿನಲ್ಲಿ ಒಂದೇ ತಟ್ಟೆ ಇದ್ದರೂ ಅದನ್ನು ತೊಳೆಯುವುದು ಮುಂದಿನ ಊಟಕ್ಕೆ ಎರಡು ನಿಮಿಷ ಮೊದಲು. ಬಾಲ್ಕನಿಯ ಬಸಳೆಗೆ ನೀರು ಹಾಕಿದ್ದೇನೆಂದು ಫೋನಿನಲ್ಲಿ ಹೇಳುತ್ತಾನೆ; ಬಸಳೆ ಬೇರೆಯೇ ಹೇಳುತ್ತದೆ. ಅಮ್ಮನ ಕಥೆ ಇನ್ನೊಂದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಆಟಿ ತಿಂಗಳು, ಹೆಣ್ಣುಮಕ್ಕಳು ತವರಿಗೆ ಬಂದು ಕೂರುವ ಕಾಲ. ಮದುವೆಯಾಗಿ ಹದಿನೈದು ವರ್ಷವಾದರೂ ಆಟಿಯಲ್ಲಿ ಅವಳು ಮಗಳೇ. ಕಾಫಿ ಕೈಗೆ ಬರುತ್ತದೆ, ಪತ್ರೊಡೆ ತಟ್ಟೆಗೆ ಬರುತ್ತದೆ, ಲೋಟ ತೊಳೆಯಲು ಎದ್ದರೆ "ಕೂತ್ಕೋ ಮಗ" ಎಂಬ ಮಾತು ಬರುತ್ತದೆ. ಇಷ್ಟು ದಿನ ಕೂತವಳು ಒಮ್ಮೆಗೇ ಎದ್ದು ಐದು ಗಂಟೆಗೆ ಟಿಫಿನ್ ಕಟ್ಟಬೇಕೆಂದರೆ ಯಾವ ಕಾಲು ಒಪ್ಪೀತು? ಸೋಫಾದವನೂ ತವರಿನವಳೂ ಒಂದೇ ಅಡುಗೆಮನೆಯಲ್ಲಿ ಎದುರಾದಾಗ ಹುಟ್ಟಿದ ಬೆಂಕಿಗೆ ಮಗುವಿನ ಹೊದಿಕೆ ಕೈಗೆ ಸಿಕ್ಕಿದ ನೆಪ.

ಸಂಸ್ಕೃತಿಯ ಪಕ್ಷದವರು ಇಲ್ಲಿ ಮಧ್ಯೆ ಬರುತ್ತಾರೆ. ನಿದ್ದೆ ಕೆಟ್ಟರೆ ಕೆಡಲಿ, ಊರಿಗೆ ಹೋದದ್ದರಿಂದ ಮಗು ನಮ್ಮ ಸಂಸ್ಕೃತಿ ಕಲಿಯಿತಲ್ಲ ಎನ್ನುತ್ತಾರೆ. ಈ ವಾದ ಮಾಡುವವರು ಪಂಚಾಂಗ ನೋಡಿಲ್ಲ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ಕೋಲ, ನೇಮ ಮುಗಿಯಿತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಆಟಿಯಲ್ಲಿ ಮದುವೆ ಮುಂಜಿ ಇಲ್ಲ. ಕಡಲು ಒರಟಾಗಿರುವುದರಿಂದ ಪಣಂಬೂರಿನಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಒಳ್ಳೆಯ ಮೀನೂ ಇಲ್ಲ. ಕೊಲ್ಲಿಯಿಂದ ಬಂದವರು ಊರಿನ ಬಂಗುಡೆ ತಿನ್ನುವ ಆಸೆಯಲ್ಲಿ ಮಾರುಕಟ್ಟೆಗೆ ಹೋದರೆ ಒಮಾನಿನ ಬೂತಾಯಿ ಎದುರಾಗುವುದೂ ಉಂಟು. ಚೌತಿ, ಮೊಂತಿ ಹಬ್ಬ, ಕುದ್ರೋಳಿಯ ದಸರಾ, ದೀಪಾವಳಿ, ಕಂಬಳ ಎಲ್ಲ ಸಾಲಾಗಿ ಬರುವುದು ಇವರು ಬಜ್ಪೆಯಲ್ಲಿ ವಿಮಾನ ಹತ್ತಿದ ಮೇಲೆ. 2025ರಲ್ಲಿ ಆಗಸ್ಟ್ 25ಕ್ಕೆ ಎಮಿರೇಟ್ಸಿನ ಶಾಲೆಗಳು ತೆರೆದವು, 27ಕ್ಕೆ ಚೌತಿ. ಸಂಸ್ಕೃತಿಯ ಬಾಗಿಲು ಹಾಕಿರುವ ಆ ಎರಡೇ ತಿಂಗಳು ಹುಡುಕಿ ನಾವು ಮಕ್ಕಳನ್ನು ಊರಿಗೆ ಕರೆದೊಯ್ಯುತ್ತೇವೆ. ಆಟಿ ಅಮಾವಾಸ್ಯೆಯ ಹಾಲೆ ಕಷಾಯವನ್ನು ಮೂಗು ಹಿಡಿದು ಕುಡಿಸಿದ್ದು ಬಿಟ್ಟರೆ, ಆ ಕಾಲದಲ್ಲಿ ಕರಾವಳಿಯಲ್ಲಿ ಬಿಡುವಿಲ್ಲದೆ ನಡೆಯುವ ಒಂದೇ ಸಾರ್ವಜನಿಕ ಉತ್ಸವ ಡಿಸಿ ರಜೆಗಾಗಿ ಕಾಯುವುದು. ಮಗು ಇದ್ದದ್ದನ್ನು ಚೆನ್ನಾಗಿಯೇ ಕಲಿತು ಬಂದಿದೆ. ಇದಕ್ಕೆ ಬೈಯುವ ಬದಲು ಮುಂದಿನ ರಾಜ್ಯೋತ್ಸವಕ್ಕೆ ಆದೇಶ ಓದುವ ಸ್ಪರ್ಧೆ ಇಟ್ಟರೂ ತಪ್ಪಿಲ್ಲ.

"ಇದು ದುಬೈ, ಇಲ್ಲಿ ಹವಾಮಾನಕ್ಕೆಲ್ಲ ರಜೆ ಇಲ್ಲ" ಎಂಬುದು ಅಪ್ಪನ ಕೊನೆಯ ಅಸ್ತ್ರ. ಅದೂ ಅರ್ಧಸತ್ಯ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಕೆಲಸ ಮಾಡಿಸುವಂತಿಲ್ಲವೆಂಬ ನಿಯಮ ಈ ದೇಶದಲ್ಲೇ ಇದೆ. ಹವೆ ನೋಡಿ ಕೆಲಸ ನಿಲ್ಲಿಸುವ ವಿವೇಕ ಕೂಳೂರಿನ ಸ್ವತ್ತಲ್ಲ. ಮಳೆಯ ವಿಷಯದಲ್ಲಿ ಮಾತ್ರ ಇಲ್ಲಿನ ಮಕ್ಕಳಿಗೆ ಅನ್ಯಾಯವಾಗಿರುವುದು ನಿಜ. 2024ರ ಏಪ್ರಿಲ್ 16ರಂದು ಎಮಿರೇಟ್ಸಿನಲ್ಲಿ ದಾಖಲೆಯ ಮಳೆ ಸುರಿದು, ಅಲ್ ಐನ್ ಕಡೆ ಒಂದೇ ದಿನದೊಳಗೆ 254 ಮಿಲಿಮೀಟರ್ ಬಿತ್ತು. ನಮ್ಮ ಲೆಕ್ಕದಲ್ಲಿ ನಿಸ್ಸಂಶಯವಾಗಿ ರೆಡ್ ಅಲರ್ಟ್. ಶಾಲೆ ಮುಚ್ಚಿತು, ಪಾಠ ಆನ್‌ಲೈನಿಗೆ ಬಂತು. ರಸ್ತೆಯಲ್ಲಿ ಕಾರು ತೇಲುತ್ತಿದ್ದರೂ ಮಗು ಪರದೆಯ ಮುಂದೆ ಗುಣಾಕಾರ ಮಾಡಬೇಕು. ಕೂಳೂರಿನ ಮಗುವಿಗೆ ಮಳೆ ಬಂದರೆ ರಜೆ, ದುಬೈಯ ಮಗುವಿಗೆ ಮಳೆ ಬಂದರೆ ಲ್ಯಾಪ್‌ಟಾಪ್. ಇದರ ಮೇಲೆ ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಜುಲೈಯ ರಜೆ ನಡುವಿನ ವಿರಾಮ ಮಾತ್ರ. ಬಂದ ಕೂಡಲೇ ಪರೀಕ್ಷೆಯ ಮಾತು. ಹೊಸ ಪುಸ್ತಕದ ವಾಸನೆಯ ಸಮಾಧಾನವೂ ಆ ಮಕ್ಕಳಿಗಿಲ್ಲ.

ಅಜ್ಜಿಯನ್ನು ಆರೋಪದಿಂದ ಬಿಡಿಸಿದ್ದರಿಂದ ಅವರು ನಿರಪರಾಧಿ ಎಂದೇನೂ ಅರ್ಥವಲ್ಲ. ಬೆಳಗ್ಗಿನ ಜಗಳದ ನಡುವೆ ಸರಿಯಾಗಿ ಅವರ ವಿಡಿಯೊ ಕರೆ ಬರುತ್ತದೆ. ವಾಟ್ಸಾಪ್‌ನಲ್ಲಿ ಎಮಿರೇಟ್ಸಿಗೆ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಹಾಗಾಗಿ ಬ್ಯಾಂಕಿನ ಪಾಸ್‌ಬುಕ್ ಮಗನಿಂದ ಓದಿಸುವ ಅಜ್ಜಿಯರು ಕೂಡ ಬೋಟಿಮ್ ಹಾಕಿಸಿಕೊಂಡು ಅದರಲ್ಲಿ ಪಳಗಿದ್ದಾರೆ. "ಪಾಪ, ಮಲಗಲಿ ಬಿಡು, ಒಂದು ದಿನ ಶಾಲೆಗೆ ಹೋಗದಿದ್ದರೆ ಎಂತ ಆಗ್ತದೆ?" ಎಂದು ತೀರ್ಪು ಕೊಡುತ್ತಾರೆ. ಇದೇ ಅಜ್ಜಿ ತಮ್ಮ ಮಕ್ಕಳನ್ನು ಜ್ವರ ಬಂದರೂ ಶಾಲೆಗೆ ಅಟ್ಟಿದವರು. ಅವರ ಮೆದುತನ ಮೊಮ್ಮಕ್ಕಳಿಗಾಗಿ ಕೂಡಿಟ್ಟದ್ದು, ಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಆದರೂ ಅವರ ಪಕ್ಷವನ್ನು ಸ್ವಲ್ಪ ಕೇಳಬೇಕು. ದುಬೈಯವರಿಗೆ ಮರಳಲು ಶಾಲೆಯಿದೆ, ಆಫೀಸಿದೆ, ಬಯ್ಯಲು ಪರಸ್ಪರರಿದ್ದಾರೆ. ಅಜ್ಜಿಗೆ ಉದ್ದಿನ ಅಳತೆ ಅರ್ಧಕ್ಕೆ ಇಳಿಸುವುದೊಂದೇ ಕೆಲಸ, ಅದು ಒಂದು ವಾರವಾದರೂ ಕೈಗೆ ಬರುವುದಿಲ್ಲ. ಉಳಿದ ಹಿಟ್ಟನ್ನು ಅಜ್ಜ ಮೂರು ಹೊತ್ತು ದೋಸೆಯಾಗಿ ತಿನ್ನುತ್ತಾರೆ, ಬಾಯಿಬಿಟ್ಟು ದೂರುವುದಿಲ್ಲ. ನೈಟ್ ಶಿಫ್ಟಿನ ವಿಷಯದಲ್ಲಿ ಅವರಿಗೆ ಇಷ್ಟು ಕ್ಷಮೆ ಸಲ್ಲಬೇಕು.

ಇಷ್ಟೆಲ್ಲ ನೋಡಿದ ಮೇಲೆ ತೀರ್ಮಾನ ಮಗುವಿನ ಕಡೆಗೇ ವಾಲುತ್ತದೆ. ಮನೆಯ ಮುದ್ದಿಗೆ ಕೊನೆಯಿಲ್ಲ, ಅಪ್ಪನ ಗದರಿಕೆಗೆ ನಿಯಮವಿಲ್ಲ. ಡಿಸಿ ರಜೆಗೆ ಎರಡೂ ಇವೆ. ಆದ್ದರಿಂದ ಊರಿಂದ ಬಂದ ಮೊದಲ ವಾರ ಪ್ರತಿ ಮನೆಯಲ್ಲೂ ಒಂದು ದಿನ, ಒಂದೇ ದಿನ, ಕಾರಣ ಮತ್ತು ತಾರೀಕು ಬರೆದು ಸಹಿ ಹಾಕಿದ ರಜೆ ಇರಲಿ. ಹೀಗೆ ಮಾಡಿದರೆ ಮಕ್ಕಳು ದಿನಾ ಕೇಳುತ್ತಾರೆ ಎಂಬ ಭಯ ಬೇಡ. ಜಿಲ್ಲೆಯ ಮಕ್ಕಳು ದಿನಾ ಕೇಳುತ್ತಾರೆ, ಆದರೂ ಆದೇಶವಿಲ್ಲದ ದಿನ ಗೊಣಗುತ್ತ ರಿಕ್ಷಾ ಹತ್ತುತ್ತಾರೆ. ಸಹಿ ಹಾಕುವ ಅಧಿಕಾರ ಅಜ್ಜಿಗೆ ಕೊಡುವಂತಿಲ್ಲ, ಅವರ ಲೆಕ್ಕದಲ್ಲಿ ವರ್ಷವಿಡೀ ರೆಡ್ ಅಲರ್ಟ್. ಅಪ್ಪನಿಗೂ ಬೇಡ, ಅವನು ಮೊದಲು ತನಗೇ ಕೊಟ್ಟುಕೊಳ್ಳುತ್ತಾನೆ. ಅಮ್ಮನ ಕೈಯಲ್ಲಿರಲಿ. ತುಂಬಿಕೊಡುವ ತರಗತಿ ಶನಿವಾರ ಬೆಳಗ್ಗೆ ಎಂಟಕ್ಕೆ, ದೊಡ್ಡವರಿಗೂ ಹಾಜರಿ ಕಡ್ಡಾಯ. ಮಕ್ಕಳಿಗೆ ಗುಣಾಕಾರ, ಅಪ್ಪನಿಗೆ ಪಾತ್ರೆ ತೊಳೆಯುವ ಪಾಠ; ಒಂದು ತಿಂಗಳ ಸಿಲೆಬಸ್ ಸಿಂಕಿನಲ್ಲೇ ಇದೆ.